ನಕ್ಷೆಗೂ ಮೊದಲು ಮನೆಯವರ ದಿನಚರಿ

ಮನೆ ಕಟ್ಟಿಸುವವರು ನಕ್ಷೆ ಮಾಡಿಸಲು ನನ್ನ ಹತ್ತಿರ ಮೊದಲ ಸಲ ಬರುವಾಗ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಮೂರು ಮಲಗುವ ಕೋಣೆ, ದೊಡ್ಡ ಹಾಲ್, ಬಾಲ್ಕನಿ. ಮೊಬೈಲಿನಲ್ಲಿ ಒಂದಷ್ಟು ಫೋಟೋ. ಪಟ್ಟಿಯನ್ನು ನಾನು ಇಟ್ಟುಕೊಳ್ಳುತ್ತೇನೆ, ಆದರೆ ಮಾತು ಅಲ್ಲಿಂದ ಶುರು ಮಾಡುವುದಿಲ್ಲ. ಬೆಳಿಗ್ಗೆ ಮೊದಲು ಏಳುವವರು ಯಾರು? ಎದ್ದವರು ಎಲ್ಲಿ ಹೋಗಿ ಕೂರುತ್ತಾರೆ? ಸಣ್ಣ ಸದ್ದಿಗೂ ಎಚ್ಚರವಾಗುವವರು ಯಾರು? ಒಗೆದ ಬಟ್ಟೆ ಎಲ್ಲಿ ಒಣಗುತ್ತದೆ? ಇವನ್ನೆಲ್ಲ ಕೇಳುತ್ತೇನೆ. ಮನೆಯ ಆಕಾರ ಹೊಳೆಯುವುದು ಈ ಉತ್ತರಗಳಿಂದಲೇ.

ಆಮೇಲೆ ಅವರು ಈಗ ಇರುವ ಮನೆಯನ್ನು ನೋಡಿ ಬರುತ್ತೇನೆ. ಒಂದು ಕುಟುಂಬ ದೊಡ್ಡ ಊಟದ ಕೋಣೆ ಬೇಕೇ ಬೇಕು ಅಂದಿತ್ತು. ಹೋಗಿ ನೋಡಿದರೆ ಊಟದ ಮೇಜಿನ ತುಂಬ ಮಕ್ಕಳ ಪುಸ್ತಕ, ಲ್ಯಾಪ್‌ಟಾಪ್, ಚಾರ್ಜರ್. ಊಟಕ್ಕೆ ಕೂರಲು ಜಾಗ ಸಾಲದಿದ್ದದ್ದು ಕೋಣೆ ಚಿಕ್ಕದು ಅಂತಲ್ಲ. ಅಡುಗೆಮನೆಗೆ ಕಾಣುವ ಹಾಗೆ ಮಕ್ಕಳಿಗೆ ಓದುವ ಮೇಜು ಕೊಟ್ಟೆವು, ಊಟದ ಕೋಣೆ ಮೊದಲಿನಷ್ಟೇ ಉಳಿಯಿತು.

ದುಡ್ಡಿನ ಮಾತನ್ನು ಮೊದಲ ಭೇಟಿಯಲ್ಲೇ ಆಡುತ್ತೇನೆ. ಚದರಡಿ ಲೆಕ್ಕದಲ್ಲಿ ಕಾಂಪೌಂಡು, ನೀರಿನ ತೊಟ್ಟಿ, ಕಪಾಟು, ಅನುಮತಿಯ ಖರ್ಚು ಎಷ್ಟೋ ಸಲ ಸೇರಿರುವುದೇ ಇಲ್ಲ. ಅವನ್ನೂ ಸೇರಿಸಿ, ಅದರ ಮೇಲೆ ಅನಿರೀಕ್ಷಿತ ಖರ್ಚಿಗೆ ನೂರಕ್ಕೆ 10ರಷ್ಟು ಎತ್ತಿಡಿ ಅನ್ನುತ್ತೇನೆ.

ಗಂಡ ಹೆಂಡತಿ ಇಬ್ಬರಿಗೂ ಅವರವರ ಆಸೆಗಳನ್ನು ಬೇರೆ ಬೇರೆ ಬರೆದು ಕೊಡಲು ಹೇಳುತ್ತೇನೆ. ಒಬ್ಬರಿಗೆ ತೆರೆದ ಅಡುಗೆಮನೆ ಬೇಕು, ಇನ್ನೊಬ್ಬರಿಗೆ ಒಗ್ಗರಣೆ ವಾಸನೆ ಹಾಲ್‌ಗೆ ಬರಬಾರದು. ಇಬ್ಬರೂ ಸರಿಯೇ ಅಲ್ವಾ? ನಡುವೆ ಗಾಜಿನ ಜಾರುಬಾಗಿಲು ಬಂದರೆ ಇಬ್ಬರ ಮಾತೂ ಉಳಿಯುತ್ತದೆ. ಇಂಥ ಭಿನ್ನಾಭಿಪ್ರಾಯ ಕಾಗದದ ಮೇಲೇ ಬಗೆಹರಿಯಬೇಕು. ಸ್ಲ್ಯಾಬ್ ಹಾಕಿದ ಮೇಲೆ ಅದರ ಬೆಲೆ ತುಂಬಾ ಜಾಸ್ತಿ.

ಮೊದಲ ನಕ್ಷೆ ಪೆನ್ಸಿಲಿನಲ್ಲೇ ಇರಲಿ ಎನ್ನುವವಳು ನಾನು. ಕಂಪ್ಯೂಟರಿನ ಬಣ್ಣದ ಚಿತ್ರ ತೋರಿಸಿದರೆ ಮಾತೆಲ್ಲ ಟೈಲ್ಸು, ಸೋಫಾದ ಕಡೆ ಹೊರಳುತ್ತದೆ. ಪೆನ್ಸಿಲ್ ಗೆರೆ ಕಂಡರೆ "ಈ ಬಾಗಿಲು ಆ ಕಡೆ ಬಂದರೆ ಹೇಗೆ?" ಎಂದು ಅವರೇ ಕೇಳುತ್ತಾರೆ.

ನಕ್ಷೆ ಓದುವುದು ಎಲ್ಲರಿಗೂ ಸುಲಭವಲ್ಲ. ಅದಕ್ಕೇ ಸೈಟಿನಲ್ಲಿ ಸುಣ್ಣದ ಪುಡಿಯಿಂದ ನಿಜವಾದ ಅಳತೆಯಲ್ಲಿ ಕೋಣೆ ಬಿಡಿಸುತ್ತೇನೆ. 10 ಅಡಿಗೆ 12 ಅಡಿ ಕೋಣೆ ಕಾಗದದಲ್ಲಿ ಸಾಕಷ್ಟು ದೊಡ್ಡದಾಗಿಯೇ ಕಾಣುತ್ತದೆ. 10 ಅಡಿಯ ಉದ್ದಕ್ಕೆ ಆರೂವರೆ ಅಡಿ ಮಂಚ ಗುರುತಿಸಿ, ಎದುರು ಗೋಡೆಗೆ 2 ಅಡಿ ಆಳದ ಕಪಾಟು ಗುರುತಿಸಿ. ನಡುವೆ ಉಳಿಯುವುದು ಒಂದೂವರೆ ಅಡಿ. ಅಲ್ಲಿ ನಿಂತು ಕಪಾಟಿನ ಬಾಗಿಲು ತೆಗೆಯುವ ಹಾಗೆ ಕೈ ಆಡಿಸಿ ನೋಡಿದರೆ ಸಾಕು, ಯಾರೂ ವಿವರಿಸಬೇಕಿಲ್ಲ. ಕಪಾಟು ಪಕ್ಕದ ಗೋಡೆಗೆ ಹೋಗುತ್ತದೆ. ಅದೇ ದಿನ ಸಂಜೆಯವರೆಗೂ ಅಲ್ಲೇ ಇದ್ದು ಪಡುವಣ ಬಿಸಿಲು ಯಾವ ಕೋಣೆಗೆ ಹೊಡೆಯುತ್ತದೆ, ಪಕ್ಕದ ಮನೆ ಕಿಟಕಿ ಎಲ್ಲಿದೆ ಎಂದೂ ನೋಡುತ್ತೇವೆ.

ಅಡುಗೆ ಕಟ್ಟೆಯ ಎತ್ತರಕ್ಕೆ ಪುಸ್ತಕದ ಅಳತೆ ಹಿಡಿಯುವುದಿಲ್ಲ. ಅಡುಗೆ ಮಾಡುವವರನ್ನೇ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ಅದಕ್ಕಿಂತ 4ರಿಂದ 6 ಇಂಚು ಕೆಳಗೆ ಗುರುತು ಹಾಕುತ್ತೇನೆ. ದಿನಾ ಬೆನ್ನು ಬಗ್ಗಿಸಿ ನಿಲ್ಲುವವರ ನೋವು ನನಗೆ ಸಣ್ಣ ವಿಷಯವಲ್ಲ.

ಪ್ರತಿ ಭೇಟಿಯಲ್ಲೂ ಏನು ನಿರ್ಧಾರವಾಯಿತು ಎಂದು ಬರೆದು ಆವತ್ತೇ ಕಳಿಸುತ್ತೇನೆ. ಗೋಡೆ ಎದ್ದ ಮೇಲೆ, ವೈರಿನ ಪೈಪಿಗೆ ಗೋಡೆ ಕೊರೆಯುವ ಮುಂಚೆ, ಮನೆಯವರ ಜೊತೆ ಸೀಮೆಸುಣ್ಣ ಹಿಡಿದು ಒಂದು ಸುತ್ತು ಬರುತ್ತೇನೆ. ಕತ್ತಲಲ್ಲಿ ಒಳಗೆ ಬಂದರೆ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಅವರೇ ಸ್ವಿಚ್ಚಿನ ಗುರುತು ಹಾಕುತ್ತಾರೆ. ಪ್ಲಾಸ್ಟರ್ ಆದ ಮೇಲೆ ಇದೇ ಕೆಲಸಕ್ಕೆ ಗೋಡೆ ಮತ್ತೆ ಒಡೆಯಬೇಕಾಗುತ್ತದೆ.