ಬಾಡಿಗೆ ಮನೆಯವರ ಹೆಸರು ಸರ್ಕಾರಿ ಮನೆಯ ಪಟ್ಟಿಗೆ ಬರಬೇಕಾದರೆ

ಮಂಗಳೂರಿನ ಜೆಪ್ಪು ಕಡೆ ನಮ್ಮದೊಂದು ಸ್ವಸಹಾಯ ಸಂಘ ಉಂಟು. ವಾರದ ಕಂತು ಬರೆಯುವುದು ನನ್ನ ಕೆಲಸ. ಒಂದು ಭಾನುವಾರ ಬೀಡಿ ಕಟ್ಟುವ ಅಕ್ಕ ಒಬ್ಬರು ಕಂತು ಕೊಡದೆ ಸುಮ್ನೆ ಕೂತಿದ್ದರು. ಏನಾಯಿತು ಅಂತ ಕೇಳಿದೆ.

"ಓನರ್ ಮನೆ ಬಿಡ್ಲಿಕ್ಕೆ ಹೇಳಿದ್ದಾರೆ. ಕಾಲೇಜು ಹುಡುಗರಿಗೆ ಕೊಟ್ರೆ ತಲೆಗೆ ಇಷ್ಟು ಅಂತ ಸಿಗ್ತದಂತೆ" ಅಂದರು.

ಅವರ ಮನೆ ಅಂದರೆ ಒಂದೇ ಕೋಣೆ, ಮೇಲೆ ಶೀಟು. ಮೂರು ಮನೆಗೆ ಒಂದೇ ಕಕ್ಕಸು. ಕಟ್ಟಿದ ಬೀಡಿಗೆ ಮಳೆಗಾಲದ ತೇವ ತಾಗದ ಹಾಗೆ ಪ್ಲಾಸ್ಟಿಕ್ ಹೊದಿಸಿಟ್ಟಿರುತ್ತಾರೆ. ಅದರ ಪಕ್ಕದಲ್ಲೇ ಮಗಳು ಓದಲು ಕೂರುತ್ತಾಳೆ. ಆ ಕೋಣೆಗೂ ಈಗ ಪೈಪೋಟಿ. ಇಲ್ಲಿ ಜಾಗ ಮಾರುವುದು ಸೆಂಟ್ಸ್ ಲೆಕ್ಕದಲ್ಲಿ, ಅಂದರೆ ಎಕರೆಯ ನೂರರಲ್ಲೊಂದು ಪಾಲು. ದಿನಗೂಲಿಯವರಿಗೆ ಒಂದು ಸೆಂಟ್ಸ್ ಕೊಳ್ಳುವುದೂ ಆಗದ ಮಾತು.

ಮೊದಲು ನಾವು ಸಹಿ ಸಂಗ್ರಹ ಮಾಡಿದೆವು. "ಮನೆ ಕೊಡಿ" ಅಂತ ಮನವಿ ಬರೆದು ಒಂದು ಕಚೇರಿಗೆ ಕೊಟ್ಟು ಬಂದೆವು. ಎರಡು ತಿಂಗಳು ಬಿಟ್ಟು ಹೋದರೆ ಆ ಕಾಗದವೇ ಸಿಗಲಿಲ್ಲ. ನಮ್ಮ ಹತ್ತಿರ ಸ್ವೀಕೃತಿಯೂ ಇರಲಿಲ್ಲ. ತುಂಬಾ ಬೇಜಾರಾಯಿತು. ಅಂದಿನಿಂದ ಯಾವ ಕಾಗದ ಕೊಡುವುದಿದ್ದರೂ ಎರಡು ಪ್ರತಿ. ಒಂದರ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಡುವುದು.

2024ರ ಸೆಪ್ಟೆಂಬರ್‌ನಲ್ಲಿ ಮನೆ ಇಲ್ಲದವರಿಗೆ ಮನೆಗೆ ನೆರವು ಕೊಡುವ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಹಂತ (2.0) ಶುರುವಾಯಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವವರು ಅದರಲ್ಲಿ ಆರ್ಥಿಕವಾಗಿ ದುರ್ಬಲರ ವಿಭಾಗಕ್ಕೆ ಬರುತ್ತಾರೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ನಮ್ಮವರೆಲ್ಲ ಇದಕ್ಕೆ ಸರಿಹೊಂದುತ್ತಾರೆ ಅಂದುಕೊಂಡು ನಾಲ್ಕು ಓಣಿ ಹಂಚಿಕೊಂಡು ಮನೆ ಮನೆಗೆ ಹೋದೆವು. ಕೈಯಲ್ಲಿ ಒಂದು ನೋಟ್‌ಬುಕ್. ಬಾಡಿಗೆ ಎಷ್ಟು, ಡೆಪಾಸಿಟ್ ಎಷ್ಟು, ಎಷ್ಟು ವರ್ಷದಿಂದ ಇದ್ದೀರಿ, ಆಧಾರ್‌ನಲ್ಲಿ ಯಾವ ವಿಳಾಸ?

ತೊಂದರೆ ಗೊತ್ತಾದದ್ದು ಕೊನೆಯ ಪ್ರಶ್ನೆಯಲ್ಲಿ. ಒಬ್ಬರದ್ದು ಬಿಟ್ಟು ಬಂದ ಹಳೇ ಮನೆಯ ವಿಳಾಸ, ಇನ್ನೊಬ್ಬರದ್ದು ಬಾಗಲಕೋಟೆಯ ಊರಿನದ್ದು. ಹತ್ತು ವರ್ಷ ಇಲ್ಲೇ ದುಡಿದರೂ ಕಾಗದದಲ್ಲಿ ಅವರು ಇಲ್ಲಿಲ್ಲ. ಹಾಗಿದ್ದ ಮೇಲೆ ಇಷ್ಟು ಮನೆ ಬೇಕು ಅಂತ ಲೆಕ್ಕ ಹಾಕುವವರಿಗೆ ಇವರು ಕಾಣುವುದು ಹೇಗೆ?

ಓನರ್‌ಗಳ ಹತ್ತಿರ ಕರಾರು ಕೇಳಿದೆವು. "ಆಮೇಲೆ ಬಿಡದಿದ್ರೆ?" ಅಂತ ಹೆಚ್ಚಿನವರಿಗೆ ಹೆದರಿಕೆ. 11 ತಿಂಗಳ ಕರಾರು ಅಂದಾಗ ಕೆಲವರು ಒಪ್ಪಿದರು. ಒಪ್ಪದವರ ಮನೆಯಲ್ಲಿ ಇದ್ದವರಿಗೆ ಬೇರೆ ದಾರಿ ಹಿಡಿದೆವು. ವಿಳಾಸ ಬದಲಿಸಲು ಆಧಾರ್‌ನವರದ್ದೇ ಒಂದು ನಮೂನೆ ಉಂಟು. ಅದಕ್ಕೆ ಫೋಟೋ ಅಂಟಿಸಿ ಕಾರ್ಪೊರೇಟರ್ ಸಹಿ, ಸೀಲು ಹಾಕಿಕೊಟ್ಟರೂ ನಡೆಯುತ್ತದೆ. ಸಹಿ ಆದ 3 ತಿಂಗಳೊಳಗೆ ಆಧಾರ್ ಕೇಂದ್ರಕ್ಕೆ ಕೊಡಬೇಕು. ವಿಳಾಸ ಸರಿಯಾದ ಮೇಲೆ ನಾಡಕಚೇರಿಯ ಆದಾಯ ಪ್ರಮಾಣಪತ್ರ.

ಮನೆ ಕಟ್ಟಲು ಜಾಗವೂ ಬೇಕಲ್ಲ, ಹಾಗಾಗಿ ವಾರ್ಡಿನ ಸರ್ಕಾರಿ ಜಾಗದ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಕೇಳಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. "ಜಾಗ ಉಂಟಾ" ಅಂತ ಕೇಳಬೇಡಿ. ಸರ್ವೆ ನಂಬರ್ ಹಾಕಿ ಪಹಣಿಯ ನಕಲು ಕೇಳಿ.

ಆಮೇಲೆ ವಾರ್ಡ್ ಸಮಿತಿ ಸಭೆಗೆ ನೋಟ್‌ಬುಕ್ ತೆಗೆದುಕೊಂಡು ಹೋದೆವು. ನಗರಾಡಳಿತಗಳು ತಮ್ಮ ಹಣದಲ್ಲಿ ಶೇ. 24.10 ಎಸ್‌ಸಿ, ಎಸ್‌ಟಿ ಕುಟುಂಬಗಳಿಗೆ, ಶೇ. 7.25 ಇತರ ಬಡವರಿಗೆ ಅಂತ ತೆಗೆದಿಡಬೇಕು. ಅದರಿಂದ ಮನೆಗೆ ನೆರವು ಕೊಡಿ ಅಂತ ಕೇಳಿದೆವು. ನಾನು ಜಾಸ್ತಿ ಮಾತಾಡಲಿಲ್ಲ. ಅಕ್ಕನೇ ಎದ್ದು ನಿಂತು, "ತಿಂಗಳಲ್ಲಿ ಹದಿನಾರು ದಿನದ ಬೀಡಿ ಕೂಲಿ ಬಾಡಿಗೆಗೇ ಹೋಗ್ತದೆ ಸರ್" ಅಂದರು. ಅಧಿಕಾರಿ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಂಡರು. ನಮ್ಮ ಬೇಡಿಕೆ ನಡಾವಳಿಯಲ್ಲಿ ಬರೆಯುವವರೆಗೆ ನಾವು ಕುರ್ಚಿ ಬಿಟ್ಟು ಏಳಲಿಲ್ಲ.

ಅರ್ಜಿಗಳು ಹೋಗಿವೆ. ಮನೆ ಇನ್ನೂ ಯಾರಿಗೂ ಬಂದಿಲ್ಲ. ಅಕ್ಕ ಆ ಕೋಣೆ ಬಿಟ್ಟು ಎರಡು ಓಣಿ ಆಚೆ ಹೋಗಿದ್ದಾರೆ. ವಿಳಾಸ ಮತ್ತೆ ಬದಲಾಯಿತಲ್ವಾ, ಈ ಸೋಮವಾರ ನಾವಿಬ್ಬರು ಪುನಃ ಆ ನಮೂನೆಗೆ ಸಹಿ ಹಾಕಿಸಲು ಹೋಗುತ್ತಿದ್ದೇವೆ.