ಗಂಜಿ ಬಿಡಬೇಡಿ, ಬಟ್ಟಲಿನ ಲೆಕ್ಕ ಬದಲಿಸಿ: ಹೊಟ್ಟೆ ತುಂಬಿಸಿಕೊಂಡೇ ತೂಕ ಇಳಿಸೋದು ಹೇಗೆ

ತೂಕ ಇಳಿಸಬೇಕು ಅಂತ ಹೊರಟವರು ನಮ್ಮ ಕಾಸರಗೋಡು ಕಡೆ ಮೊದಲು ಮಾಡುವ ಕೆಲಸ ಅನ್ನ ಬಿಡೋದು. ಕುಂಬಳೆ, ಬದಿಯಡ್ಕ, ಪೆರ್ಲ, ಎಲ್ಲಿ ಕೇಳಿದರೂ ಅದೇ ಕತೆ. ಬೆಳಿಗ್ಗೆ ಎರಡು ಚಪಾತಿ, ಮಧ್ಯಾಹ್ನ ಮತ್ತೆರಡು ಚಪಾತಿ, ಸಂಜೆ ಐದಾಗುವಾಗ ಕೈಕಾಲು ನಡುಗಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಎರಡು ಪಳಂಪೊರಿ (ನೇಂದ್ರ ಬಾಳೆಹಣ್ಣಿನ ಬಜ್ಜಿ), ಜೊತೆಗೆ ಸಕ್ಕರೆ ಜಾಸ್ತಿ ಹಾಕಿದ ಚಾ. ಬಿಟ್ಟ ಅನ್ನ ಬಡ್ಡಿ ಸಮೇತ ವಾಪಸ್ ಬಂತು ಅಲ್ವಾ? ಹಲ್ಲು ಕಚ್ಚಿ ಕೂತರೆ ಹಸಿವು ಹೋಗುವುದಿಲ್ಲ. ಹೊಟ್ಟೆಗೆ ಏನು ಹಾಕಿದರೆ ಅದು ಹೆಚ್ಚು ಹೊತ್ತು ಸುಮ್ಮನಿರುತ್ತದೆ ಅಂತ ನೋಡಬೇಕು.

ಕುಚ್ಚಲಕ್ಕಿ ಗಂಜಿ ನಿಮ್ಮ ಶತ್ರು ಅಲ್ಲ. ಬೆಂದ ಅನ್ನ 100 ಗ್ರಾಂ ಅಂದರೆ ಸುಮಾರು 130 ಕ್ಯಾಲೊರಿ, ಗಂಜಿಯಲ್ಲಿ ತೆಳಿಯೇ, ಅಂದರೆ ಅನ್ನ ಬೆಂದ ನೀರೇ ಜಾಸ್ತಿ ಇರುವುದರಿಂದ ಇನ್ನೂ ಕಡಿಮೆ. ತೊಂದರೆ ಇರುವುದು ಅದರ ಬದಿಯಲ್ಲಿ. ದೊಡ್ಡ ಬಟ್ಟಲು ಗಂಜಿ, ಒಂದು ಮಾವಿನ ಮಿಡಿ, ಒಂದು ಹಪ್ಪಳ, ಊಟ ಮುಗೀತು. ಇದರಲ್ಲಿ ಪ್ರೋಟೀನ್ ಕಮ್ಮಿ, ನಾರೂ ಕಮ್ಮಿ, ಎರಡು ಗಂಟೆಯಲ್ಲಿ ಮತ್ತೆ ಹಸಿವು. ಹಾಗಾಗಿ ಗಂಜಿಯನ್ನು ಎರಡು ಸೌಟಿಗೆ ಇಳಿಸಿ, ತೆಳಿ ಬೇಕಾದಷ್ಟು ಹಾಕಿಕೊಳ್ಳಿ, ಪಕ್ಕದಲ್ಲಿ ಒಂದು ಬಟ್ಟಲು ಹೆಸರುಕಾಳಿನ ಪಲ್ಯ, ಇನ್ನೊಂದು ಬಟ್ಟಲು ಬಾಳೆದಿಂಡೋ ಹರಿವೆಯೋ ಅಲಸಂಡೆಯೋ, ಹಿತ್ತಿಲಲ್ಲಿ ಏನಿದೆಯೋ ಅದು. ಮೊದಲು ಪಲ್ಯ ಅರ್ಧ ತಿನ್ನಿ, ಆಮೇಲೆ ಗಂಜಿಗೆ ಕೈಹಾಕಿ. ಗಂಜಿ ತಾನಾಗಿಯೇ ಕಡಿಮೆ ಸಾಕಾಗುತ್ತದೆ.

1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು ಒಂದೇ ಅಳತೆಯ ಕ್ಯಾಲೊರಿಯಲ್ಲಿ, ಅಂದರೆ ಸುಮಾರು 240ರಂತೆ ಜನರಿಗೆ ತಿನ್ನಿಸಿ, ಮುಂದಿನ ಎರಡು ಗಂಟೆ ಹೊಟ್ಟೆ ಎಷ್ಟು ತುಂಬಿದಂತಿದೆ ಅಂತ ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತಿಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323, ಮೀನಿಗೆ 225. ನಮ್ಮ ಬೇಕರಿ ಪಫ್ಸ್ ಥರ ಪದರ ಪದರವಾಗಿರುವ ಕ್ರೋಸಾಂಟಿಗೆ ಬರೀ 47. ಮೀನು ತಿನ್ನುವವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ? ಬಂಗುಡೆ, ಬೂತಾಯಿ ಸಾರು ಮಾಡಿ ತಿನ್ನಿ. ಮುಳುಗಿಸಿ ಕರಿಯಬೇಡಿ, ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ, ಅದು ಒಳಗೆ ಹೋದದ್ದು ಹೊಟ್ಟೆಗೆ ಗೊತ್ತೇ ಆಗುವುದಿಲ್ಲ. ಸಸ್ಯಾಹಾರಿಗಳಿಗೆ ಹುರುಳಿ ಸಾರು, ಕಡಲೆ, ಹೆಸರು, ಮೊಸರು ಇದೆಯಲ್ಲ.

ತೆಂಗಿನಕಾಯಿ ಬಿಡಿ ಅಂದರೆ ಇಲ್ಲಿ ಯಾರೂ ಕೇಳುವುದಿಲ್ಲ, ನಾನೂ ಬಿಡುವುದಿಲ್ಲ. ಆದರೆ ನಾಲ್ಕು ಜನರ ಸಾಂಬಾರಿಗೆ ಇಡೀ ಕಾಯಿ ಅರೆಯುವ ಮನೆಗಳಿವೆ. 100 ಗ್ರಾಂ ತುರಿಯಲ್ಲಿ 350ರ ಆಸುಪಾಸು ಕ್ಯಾಲೊರಿ. ಕಾಯಿ ಅರ್ಧ ಮಾಡಿ, ಮಂದ ಸಾಲದಿದ್ದರೆ ಬೆಂದ ಬೇಳೆ ಒಂದು ಸೌಟು ಸೇರಿಸಿ ಅರೆಯಿರಿ. ನೆಂಟರಿಗೂ ಗೊತ್ತಾಗುವುದಿಲ್ಲ.

ಇನ್ನು ಸಂಜೆ. ಕೆಲಸ ಕೆಡುವುದು ಇಲ್ಲೇ. ಮಧ್ಯಾಹ್ನ ಒಂದಕ್ಕೆ ಉಂಡವರು ರಾತ್ರಿ ಒಂಬತ್ತರವರೆಗೆ ಬರೀ ಚಾದಲ್ಲಿ ಇರಬೇಕು ಅಂದುಕೊಂಡರೆ ನೇಂದ್ರ ಚಿಪ್ಸಿನ ಡಬ್ಬಿ ಖಾಲಿಯಾಗುವುದು ಖಂಡಿತ. ನಾಲ್ಕೂವರೆಗೇ ಏನಾದರೂ ಗಟ್ಟಿಯಾದದ್ದು ತಿನ್ನಿ. ನನ್ನ ಆಯ್ಕೆ ಕಪ್ಪು ಕಡಲೆ: ರಾತ್ರಿ ಒಂದು ಹಿಡಿ ನೆನೆಸಿಟ್ಟು ಬೆಳಿಗ್ಗೆ ಉಪ್ಪು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿಡಿ. ಸಂಜೆ ಒಂದು ಸಣ್ಣ ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು ಸಿಡಿಸಿ, ಹೆಚ್ಚಿದ ನೀರುಳ್ಳಿ ಬಾಡಿಸಿ, ಕಡಲೆ ಮಗುಚಿ, ಮೇಲೆ ಎರಡು ಚಿಟಿಕೆ ಕಾಯಿತುರಿ. 50 ಗ್ರಾಂ ಒಣ ಕಡಲೆಯಲ್ಲಿ ಸುಮಾರು 10 ಗ್ರಾಂ ಪ್ರೋಟೀನ್ ಸಿಗುತ್ತದೆ, ಅಗಿಯೋದಕ್ಕೇ ಹೊತ್ತು ಬೇಕು, ರಾತ್ರಿ ಊಟದವರೆಗೆ ಆರಾಮ. ಇಷ್ಟು ಪುರುಸೊತ್ತಿಲ್ಲದಿದ್ದರೆ ಎರಡು ಬೇಯಿಸಿದ ಮೊಟ್ಟೆ.

ಕೂಲ್‌ಬಾರಿನಲ್ಲಿ ಸಿಗುವ, ಹಾಲು ಬಾಳೆಹಣ್ಣಿನ ಶಾರ್ಜಾ ಶೇಕ್, ಅದಕ್ಕೆ ಅವಲಕ್ಕಿಯೂ ಸೇರಿದ ಅವಿಲ್ ಮಿಲ್ಕ್ ಬಗ್ಗೆ ಬೇಸರದಿಂದಲೇ ಹೇಳುತ್ತೇನೆ. ಕುಡಿದ ಕ್ಯಾಲೊರಿ ಅಗಿದು ತಿಂದದ್ದರಷ್ಟು ಹೊಟ್ಟೆ ತುಂಬಿಸುವುದಿಲ್ಲ. ತಿಂಗಳಿಗೊಮ್ಮೆ ಖುಷಿಗೆ ಕುಡಿಯಿರಿ, ಹಸಿವಿಗೆ ಅಂತ ಕುಡಿಯಬೇಡಿ.

ಇದು ಹಸಿವಾ, ಬಾಯಿಚಪಲವಾ ಅಂತ ಗೊತ್ತಾಗದಿದ್ದರೆ, ಬರೀ ಉಪ್ಪಲ್ಲಿ ಬೇಯಿಸಿದ ಕಡಲೆ ಕೊಟ್ಟರೆ ತಿಂತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ತಿಂತೀನಿ ಅಂದರೆ ನಿಜವಾದ ಹಸಿವು, ತಿನ್ನಿ. ಬೇಡ, ಗೋಳಿಬಜೆಯೇ ಬೇಕು ಅಂದರೆ ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಅಂಗಳದಲ್ಲಿ ಸುತ್ತು ಹಾಕಿ.

ನಿದ್ದೆ ಕಡಿಮೆಯಾದರೂ ಮರುದಿನ ಹಸಿವು ಜಾಸ್ತಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಂಬ್ರದ (ಮದುವೆ, ಪೂಜೆಯಂಥ ಸಮಾರಂಭದ) ಊಟ ಇದೆ ಅಂತ ಬೆಳಿಗ್ಗೆಯಿಂದ ಉಪವಾಸ ಕೂತು ಹೋಗಬೇಡಿ, ಹಾಗೆ ಹೋದವರಿಗೆ ಹೋಳಿಗೆಯ ಲೆಕ್ಕ ಸಿಗುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ರಾತ್ರಿ ಮಲಗುವಾಗ ಸ್ವಲ್ಪ ಹಸಿವು ಅನಿಸಿದರೆ ಶುಂಠಿ, ಉಪ್ಪು ಹಾಕಿದ ನೀರುಮಜ್ಜಿಗೆ ಒಂದು ಲೋಟ ಸಾಕು. ಅದೂ ಸಾಲದೆ ಹೊಟ್ಟೆ ಚುರುಗುಟ್ಟಿ ನಿದ್ದೆಯೇ ಬರುತ್ತಿಲ್ಲ, ದಿನವೂ ಇದೇ ಪಾಡು ಅಂತಾದರೆ ನೀವು ಕಡಿತ ಮಾಡಿದ್ದು ಜಾಸ್ತಿಯಾಯಿತು. ವಾರಕ್ಕೆ ಅರ್ಧ ಕಿಲೋ ಇಳಿದರೆ ಧಾರಾಳ. ಹಾಗೆ ಹಸಿದು ಮಲಗಿದವರು ನಾಳೆ ಮಧ್ಯಾಹ್ನ ಪಲ್ಯ ಅರ್ಧ ಬಟ್ಟಲು ಜಾಸ್ತಿ, ಗಂಜಿ ಒಂದು ಸೌಟು ಜಾಸ್ತಿ ಹಾಕಿಕೊಳ್ಳಿ.