250 ವಾಟಿನ ಹಬ್ ಮೋಟಾರ್‌ನಿಂದ 900 ವಾಟ್: ನಾನು ಮಾಡಿದ್ದು ಹೀಗೆ

ಎಲೆಕ್ಟ್ರಿಕ್ ಸೈಕಲ್ ಚಕ್ರದ ನಡುವೆ (ಹಬ್‌ನಲ್ಲಿ) ಕೂರುವ ಇಷ್ಟು ಚಿಕ್ಕ ಮೋಟಾರ್‌ಗೆ 900 ವಾಟ್ ಕೊಟ್ಟರೆ ವಾರದಲ್ಲಿ ಸುಟ್ಟುಹೋಗುತ್ತೆ ಅಂತ ಹೇಳದವರೇ ಇಲ್ಲ. ವರ್ಷದ ಮೇಲಾಯ್ತು. ಅದೇ ಮೋಟಾರ್, ಅದೇ ವೈಂಡಿಂಗ್ (ಒಳಗಿನ ತಾಮ್ರದ ಸುರುಳಿಗಳು), ಅದೇ ನೈಲಾನ್ ಗೇರು, ದಿನಾ ಓಡುತ್ತಿದೆ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಎರಡೂವರೆ ಕೆಜಿ ಆಸುಪಾಸಿನ ಗೇರ್ಡ್ ಹಬ್ (ಒಳಗೆ ಗೇರಿರುವ ಹಬ್ ಮೋಟಾರ್). 36 ವೋಲ್ಟ್ ಬ್ಯಾಟರಿ, 15 ಆಂಪ್ ಕಂಟ್ರೋಲರ್ (ಮೋಟಾರ್‌ಗೆ ಎಷ್ಟು ಕರೆಂಟ್ ಬಿಡಬೇಕು ಅಂತ ನಿರ್ಧರಿಸುವ ಪೆಟ್ಟಿಗೆ) ಜೊತೆ ಬಂದಿತ್ತು. ಅಂದರೆ ಮೈಮೇಲೆ 250 ಅಂತ ಬರೆದಿದ್ದರೂ ಏರಿನಲ್ಲಿ 500 ಚಿಲ್ಲರೆ ಎಳೆಯುತ್ತಲೇ ಇತ್ತು.

ಮೊದಲು ಎಲ್ಲರೂ ಮಾಡುವ ಶಂಟ್ ಕೆಲಸ. ಶಂಟ್ ಅಂದರೆ ಕಂಟ್ರೋಲರ್ ಒಳಗೆ ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್. ಶಂಟ್ ಮೇಲೆ ಸೋಲ್ಡರ್ ಬಳಿದರೆ ಕಂಟ್ರೋಲರ್‌ಗೆ ಕರೆಂಟ್ ಕಡಿಮೆ ಹೋಗುತ್ತಿದೆ ಅನ್ನಿಸುತ್ತದೆ, ಅದು ಜಾಸ್ತಿ ಬಿಡುತ್ತದೆ. ಪಿಕಪ್ ಏನೋ ಜೋರಾಗಿಯೇ ಬಂತು. ಆದರೆ ಎಷ್ಟು ಆಂಪ್ ಹೋಗುತ್ತಿದೆ ಅನ್ನುವುದು ಯಾರಿಗೂ ಗೊತ್ತಿಲ್ಲ, ಕಂಟ್ರೋಲರ್‌ಗೂ ಗೊತ್ತಿಲ್ಲ. ಒಂದು ಉದ್ದನೆ ಏರಿನಲ್ಲಿ ಆಕ್ಸಲ್ ಒಳಗಿನ ಸಣ್ಣ ಫೇಸ್ ವೈರ್‌ಗಳ (ಮೋಟಾರ್‌ಗೆ ಕರೆಂಟ್ ಒಯ್ಯುವ ಮೂರು ತಂತಿಗಳ) ಹೊದಿಕೆ ಮೆತ್ತಗಾಗಿ ಎರಡು ಫೇಸ್ ಒಂದಕ್ಕೊಂದು ತಾಗಿದವು. ಕಂಟ್ರೋಲರ್ ಒಳಗೆ ಕರೆಂಟ್ ಸ್ವಿಚ್ ಮಾಡುವ ಮಾಸ್ಫೆಟ್‌ಗಳು ಹೋದವು. ಮುಂದಿನ ಕಂಟ್ರೋಲರ್ ಮಾರಿದವರು 36ಕ್ಕೂ 48ಕ್ಕೂ ಆಗುತ್ತೆ ಅಂದಿದ್ದರು. 48ರ ಪ್ಯಾಕ್ ಪೂರ್ತಿ ಚಾರ್ಜ್ ಆದರೆ 54.6 ವೋಲ್ಟ್, ಒಳಗಿದ್ದ ಕೆಪಾಸಿಟರ್ ಮೇಲೆ ಬರೆದದ್ದು 50. ಟಪ್ ಅಂತ ಮುಗೀತು. ಮುಚ್ಚಳ ತೆಗೆದು 63 ವೋಲ್ಟ್ ಅಂತ ಬರೆದಿದೆಯಾ ನೋಡದೆ ಯಾವ ಕಂಟ್ರೋಲರ್‌ಗೂ 48 ಕೊಡಬೇಡಿ. ಈ ಎರಡರ ದುಡ್ಡು ಸೇರಿಸಿದ್ದರೆ ಈಗಿರುವ ಒಳ್ಳೆ ಕಂಟ್ರೋಲರ್ ಬಂದು ಸ್ವಲ್ಪ ಮಿಗುತ್ತಿತ್ತು.

ಮೋಟಾರನ್ನು ಸುಡುವುದು ನಿಧಾನವಾಗಿ ಹತ್ತುವಾಗ ಹರಿಯುವ ಫೇಸ್ ಕರೆಂಟ್. ಕರೆಂಟ್ ಎರಡರಷ್ಟಾದರೆ ತಾಮ್ರದಲ್ಲಿ ಶಾಖ ನಾಲ್ಕರಷ್ಟು. ಬಿಸಿಯಾದ ತಾಮ್ರದ ರೆಸಿಸ್ಟೆನ್ಸ್ ಬೇರೆ ಏರುತ್ತದೆ, 100 ಡಿಗ್ರಿ ಹೊತ್ತಿಗೆ ಮೂವತ್ತು ಪರ್ಸೆಂಟ್ ಜಾಸ್ತಿ. ಚಕ್ರ ಅರ್ಧ ವೇಗಕ್ಕೂ ಬಾರದೆ ಒದ್ದಾಡುತ್ತಿದ್ದರೆ ಕೊಟ್ಟ ಪವರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖಕ್ಕೇ ಹೋಗುತ್ತದೆ. ಅದೇ ಮೋಟಾರ್ ಚೆನ್ನಾಗಿ ತಿರುಗುತ್ತಿದ್ದರೆ ಐದರಲ್ಲಿ ಒಂದು ಪಾಲು ಹೋದರೆ ಹೆಚ್ಚು. ಹಾಗಾಗಿ ನಾನು ವೋಲ್ಟ್ ಏರಿಸಿದೆ, ಫೇಸ್ ಆಂಪ್‌ಗೆ ಬೇಲಿ ಹಾಕಿದೆ. 13 ಸೆಲ್ ಸರಣಿಯ 48 ವೋಲ್ಟ್ ಪ್ಯಾಕ್, ಬ್ಯಾಟರಿ ಆಂಪ್ ಮತ್ತು ಫೇಸ್ ಆಂಪ್ ಬೇರೆ ಬೇರೆ ಸೆಟ್ ಮಾಡಬಹುದಾದ ಎಫ್‌ಒಸಿ (ಫೇಸ್ ಕರೆಂಟನ್ನೇ ಅಳೆದು ನಿಯಂತ್ರಿಸುವ) ಕಂಟ್ರೋಲರ್. ಬ್ಯಾಟರಿ ಕಡೆ 19ರ ಹತ್ತಿರ, ಫೇಸ್ ಕಡೆ 40ರೊಳಗೆ. ಥ್ರಾಟಲ್ ಏರುವ ರ‍್ಯಾಂಪ್ ಹೇಗೆ ಇಟ್ಟಿದ್ದೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಗೇರಿನ ಹಲ್ಲು ಉಳಿದಿರುವುದಕ್ಕೆ ಅರ್ಧ ಕಾರಣ ಅದು.

ಇನ್ನರ್ಧ ಕಾರಣ ಥರ್ಮಿಸ್ಟರ್, ಅಂದರೆ ಬಿಸಿ ಅಳೆಯುವ ಸೆನ್ಸರ್. ಇದನ್ನು ಬಿಟ್ಟು ಉಳಿದದ್ದು ಮಾಡಬೇಡಿ. ಹೊರಗಿನ ಚಿಪ್ಪು ಮುಟ್ಟಿ ನೋಡಿ ತಣ್ಣಗಿದೆ ಅನ್ನುವ ಲೆಕ್ಕ ಗೇರ್ಡ್ ಹಬ್‌ನಲ್ಲಿ ನಡೆಯುವುದಿಲ್ಲ. ಶಾಖ ರೋಟರ್ (ಮೋಟಾರ್‌ನ ತಿರುಗುವ ಭಾಗ) ದಾಟಿ, ಒಳಗಿನ ಗಾಳಿ ದಾಟಿ ಚಿಪ್ಪಿಗೆ ಬರಬೇಕು. ನನ್ನದರಲ್ಲಿ ಕೈ ಇಟ್ಟರೆ ಬೆಚ್ಚಗೆ, ಐವತ್ತೂ ಇರಲಿಕ್ಕಿಲ್ಲ, ಅದೇ ಹೊತ್ತಿಗೆ ವೈಂಡಿಂಗ್ 110 ತೋರಿಸುತ್ತಿತ್ತು. 10ಕೆ ಎನ್‌ಟಿಸಿ ಥರ್ಮಿಸ್ಟರನ್ನು ವೈಂಡಿಂಗ್‌ನ ಎರಡು ಸುರುಳಿಗಳ ನಡುವೆ ಒತ್ತಿ ಎಪಾಕ್ಸಿ ಹಾಕಿದೆ. ತಂತಿ ಹೊರಗೆ ತರಲು ಆಕ್ಸಲ್ ತೂತಿನಲ್ಲಿ ಕೂದಲಿನಷ್ಟೂ ಜಾಗ ಇರಲಿಲ್ಲ. ಒಂಬತ್ತು ಪಿನ್ ಕನೆಕ್ಟರ್‌ನಲ್ಲಿ ಫೇಸ್ ಮೂರು, ಹಾಲ್ (ರೋಟರ್ ಎಲ್ಲಿದೆ ಅಂತ ಹೇಳುವ ಸೆನ್ಸರ್) ಐದು, ಉಳಿದ ಬಿಳಿ ತಂತಿ ಸ್ಪೀಡ್ ಸೆನ್ಸರ್‌ದು. ಆ ಬಿಳಿಯನ್ನು ಒಳಗೆ ಕತ್ತರಿಸಿ ಥರ್ಮಿಸ್ಟರ್‌ಗೆ ಕೊಟ್ಟೆ, ಇನ್ನೊಂದು ಕಾಲು ಹಾಲ್‌ನ ಗ್ರೌಂಡಿಗೆ. ಫೇಸ್ ವೈರ್‌ಗಳನ್ನು ತೆಳು ಹೊದಿಕೆಯ, ದಪ್ಪ ತಾಮ್ರದ ಟೆಫ್ಲಾನ್ ವೈರ್‌ಗೆ ಬದಲಿಸಿದ್ದೂ ಆಗಲೇ. 95 ಡಿಗ್ರಿಗೆ ಕಂಟ್ರೋಲರ್ ಕರೆಂಟ್ ಇಳಿಸಲು ಶುರು ಮಾಡುತ್ತದೆ, 120ಕ್ಕೆ ಪೂರ್ತಿ ನಿಲ್ಲಿಸುತ್ತದೆ. ಉದ್ದ ಏರಿನಲ್ಲಿ ಕೊನೆಕೊನೆಗೆ 600 ವಾಟ್‌ಗೆ ಇಳಿಯುತ್ತದೆ, ಇಳಿಯಲಿ ಬಿಡಿ, ಅದಕ್ಕೇ ಇಟ್ಟಿರುವುದು.

ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಹಿಡಿಯುವ ಪಟ್ಟಿ) ಎರಡೂ ಕಡೆ ಸ್ಟೀಲಿನದೇ ಹಾಕಿ. ಅಲ್ಯೂಮಿನಿಯಂ ಡ್ರಾಪ್‌ಔಟ್ (ಫ್ರೇಮ್‌ನಲ್ಲಿ ಆಕ್ಸಲ್ ಕೂರುವ ಸೀಳು) ನಂಬಿದರೆ ಆಕ್ಸಲ್ ತಿರುಗಿ ವೈರ್ ಕಿತ್ತುಕೊಂಡು ಚಕ್ರ ಕಳಚಬಹುದು. ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಬೈಪಾಸ್ ಮಾಡುವವರನ್ನು ನೋಡಿದರೆ ನಿಜವಾಗಲೂ ಭಯವಾಗುತ್ತದೆ. ನನ್ನ ಪ್ಯಾಕ್‌ನಲ್ಲಿ ನಾಲ್ಕು ಸಾಲು ಪ್ಯಾರಲಲ್, ಒಂದೊಂದು ಸೆಲ್‌ಗೆ ಐದು ಆಂಪ್ ದಾಟುವುದಿಲ್ಲ. ವೇಗ ಮೂರನೇ ಒಂದರಷ್ಟು ಜಾಸ್ತಿಯಾಯ್ತು, ಹಾಗಾಗಿ ಡಿಸ್ಕ್ ಬ್ರೇಕ್ ಕೂಡ ಬದಲಿಸಿದೆ. ಕಾನೂನಿನ ಮಿತಿ 250 ವಾಟ್ ಇರುವ ಕಡೆ ಇದನ್ನು ರಸ್ತೆಗೆ ತರುವ ಹಾಗಿಲ್ಲ, ಅದು ನೆನಪಿರಲಿ.

ಮಧ್ಯೆ ಬೇರೆ ಆಟಗಳೂ ನಡೆದವು. ಗೇರ್‌ಬಾಕ್ಸ್ ಆಯಿಲ್ ಒಳಗೆ ಸುರಿದೆ. ತಂಪೇನೋ ಸಿಕ್ಕಿತು, ಆದರೆ ವೈರ್ ಬರುವ ದಾರಿಯಲ್ಲೇ ಜಿನುಗಿ ಡಿಸ್ಕ್‌ಗೆ ಬಂತು. ಬ್ರೇಕ್ ಹಿಡಿಯದ ಬೈಕ್ ಯಾರಿಗೆ ಬೇಕು? ತೆಗೆದೆ. ಚಿಪ್ಪಿನ ಮೇಲೆ ಅಲ್ಯೂಮಿನಿಯಂ ರೆಕ್ಕೆ ಅಂಟಿಸಿದೆ, ಎರಡು ಮೂರು ಡಿಗ್ರಿ ವ್ಯತ್ಯಾಸ ಅಷ್ಟೆ. ಫೆರೋಫ್ಲುಯಿಡ್ (ಮ್ಯಾಗ್ನೆಟ್‌ಗೆ ಅಂಟಿಕೊಂಡು ಒಳಗಿನ ಶಾಖ ಹೊರಗೆ ದಾಟಿಸುವ ದ್ರವ) ಗೇರಿಲ್ಲದ ಡೈರೆಕ್ಟ್ ಡ್ರೈವ್ ಮೋಟಾರ್‌ನವರಿಗೆ ಸರಿ, ಗೇರ್ಡ್ ಹಬ್‌ಗೆ ಸುಮ್ನೆ ದುಡ್ಡು ದಂಡ.

ಬ್ಯಾಟರಿ ಬಿಟ್ಟು ಒಟ್ಟು ಖರ್ಚು, ಹೋದ ಕಂಟ್ರೋಲರ್‌ಗಳನ್ನೂ ಸೇರಿಸಿ, ಹೊಸ ದೊಡ್ಡ ಮೋಟಾರ್ ಕಿಟ್‌ನ ಮುಕ್ಕಾಲು ಭಾಗ ಆಗಿರಬಹುದು. ನೇರವಾಗಿ ಇದೇ ದಾರಿ ಹಿಡಿಯುವವರಿಗೆ ಅರ್ಧ ಸಾಕು.

ಮೊನ್ನೆ ಬಿಚ್ಚಿ ನೋಡಿದೆ. ಗ್ರೀಸ್ ಕಪ್ಪಾಗಿದೆ, ಗೇರಿನ ಹಲ್ಲುಗಳು ಮೊನಚಾಗಿಲ್ಲ, ಮ್ಯಾಗ್ನೆಟ್ ಗಟ್ಟಿ. ನೋ ಲೋಡ್ (ಚಕ್ರ ಎತ್ತಿ ಖಾಲಿ ತಿರುಗಿಸಿದಾಗಿನ) ವೇಗವೂ ಮೊದಲಿನಷ್ಟೇ ಇದೆ, ಅಂದರೆ ಮ್ಯಾಗ್ನೆಟ್ ಶಕ್ತಿ ಕಳೆದುಕೊಂಡಿಲ್ಲ. ಸ್ಟೀಲ್ ಗೇರೊಂದು ಸೆಟ್ ತಂದಿಟ್ಟಿದ್ದೇನೆ, ಈ ನೈಲಾನ್ ಸವೆಯುವವರೆಗೂ ಅದು ಡಬ್ಬಿಯಲ್ಲೇ ಇರುತ್ತದೆ.